ಮುತ್ಯಾನ ಜಪಾನು

ಇಚಲಕರಂಜಿಯಲ್ಲಿ ನಾನಿರುವ ಓಣಿಯ ಹಿಂದೆ ನೂಲಿಗೆ ಗಂಜಿ ಹಾಕುವ ಕಾರಖಾನೆಯೊಂದಿದೆ. ಮಗ್ಗಗಳ ಸದ್ದಿಗೆ ನನ್ನ ಕಿವಿ ಎಂದೋ ಒಗ್ಗಿಹೋಗಿದೆ. ಮೂಗು ಮಾತ್ರ ಒಗ್ಗಿಲ್ಲ. ಬೆಳಗಿನ ತಂಪಿನಲ್ಲಿ ಅಲ್ಲಿ ಗಂಜಿ ಕುದಿಯತೊಡಗಿ, ಸ್ವಲ್ಪ ಹುಳಿ ಬೆರೆತ ಆ ಬಿಸಿ ವಾಸನೆ ಕಿಟಕಿಯಿಂದ ಒಳಗೆ ಬಂತೆಂದರೆ ನಾನು ಗಡಹಿಂಗ್ಲಜದ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿರುತ್ತೇನೆ. ಹಿತ್ತಲಲ್ಲಿ ಅಜ್ಜಿ ಕೂತಿದ್ದಾಳೆ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಅನ್ನದ ತಿಳಿಯನ್ನು ದಪ್ಪಗೆ ಕುದಿಸಿ, ಅದರಲ್ಲಿ ಮುತ್ಯಾನ ಖಾಕಿ ಅಂಗಿ ಅದ್ದಿ, ಹಿಂಡಿ, ನೆರಳಿಗೆ ಹರವುತ್ತಿದ್ದಾಳೆ. ನನ್ನ ಅಜ್ಜ, ನಮ್ಮೆಲ್ಲರ ಮುತ್ಯಾ, ಸೈನ್ಯದಲ್ಲಿ ಸುಭೇದಾರನಾಗಿದ್ದವನು. ಆ ಅಂಗಿ ವರ್ಷಕ್ಕೊಮ್ಮೆ, ಶಾಲೆಯಲ್ಲಿ ಝೆಂಡಾ ಏರಿಸುವ ದಿನ ಮಾತ್ರ ಅವನ ಮೈಮೇಲೆ ಬರುತ್ತಿತ್ತು. ಉಳಿದ ದಿನವೆಲ್ಲ ಧೋತರ, ಬಿಳಿ ಅಂಗಿ, ತಲೆಗೊಂದು ಸಡಿಲ ರುಮಾಲು. ಹಿರಣ್ಯಕೇಶಿಯ ದಂಡೆಯ ನಮ್ಮ ಹೊಲದಲ್ಲಿ ಕಬ್ಬಿಗೆ ನೀರು ತಿರುವುತ್ತ ನಿಂತ ಅವನನ್ನು ನೋಡಿದರೆ, ಈ ಮನುಷ್ಯ ಕಡಲು ದಾಟಿ ಯುದ್ಧಕ್ಕೆ ಹೋಗಿದ್ದನೆಂದು ಯಾರೂ ಹೇಳುವಂತಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಮುತ್ಯಾ ಜಪಾನಿಯರ ಕೈಗೆ ಸೆರೆ ಸಿಕ್ಕಿದ್ದ. ಅಲ್ಲಿಯ ಹಸಿವು, ಹೊಡೆತಗಳ ಬಗ್ಗೆ ಅವನು ಬಾಯಿ ಬಿಡುತ್ತಿರಲಿಲ್ಲ. ಹೇಳುತ್ತಿದ್ದುದು ಒಬ್ಬನ ಬಗ್ಗೆ ಮಾತ್ರ. ಅವನು ಸೆರೆಯವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಇಟ್ಟಿದ್ದ ಜಪಾನಿ ದುಭಾಷಿ. ಮೊದಲು ಹಳ್ಳಿಯ ಶಾಲೆಯಲ್ಲಿ ಕಲಿಸುತ್ತಿದ್ದವನಾದ್ದರಿಂದ ಮುತ್ಯಾ ಅವನನ್ನು ಮಾಸ್ತರ ಎಂದೇ ಕರೆಯುತ್ತಿದ್ದ. ಮಾಸ್ತರ ಮುತ್ಯಾನಿಂದ ಹಿಂದುಸ್ತಾನಿ ಕಲಿತನಂತೆ. ಕಲಿತ ಆ ಅಷ್ಟಿಷ್ಟು ಮಾತಿನಲ್ಲಿ ತನ್ನ ದೇಶದ ಸಂಕಟ ತೋಡಿಕೊಂಡನಂತೆ. ತನ್ನ ಊರಿನವರಿಗೂ ಹೇಳಲಾಗದ್ದನ್ನು ಅವನು ಒಬ್ಬ ಕೈದಿಗೆ ಹೇಳಿದ್ದ. ನಮ್ಮ ಮನೆಯ ಮಕ್ಕಳಿಗೆ ರಾಜಕುಮಾರಿಯರ ಕಥೆಗಿಂತ ಹೆಚ್ಚು ಪರಿಚಯವಾಗಿದ್ದುದು ಜಪಾನಿನ ಸೇನಾಪತಿಗಳ ಕಥೆ.

ಆ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ. ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿದ್ದವು, ಗಾಳಿ ಬೀಸಿದರೆ ಮನೆಮಂದಿಯೆಲ್ಲ ಸೀನುತ್ತಿದ್ದರು. ಊರಿಗೆಂದು ಬಂದ ನೀರಿನ ಪೈಪು ಊರಿಗೆ ಬರದೆ ಪಂಚಾಯತಿಯ ಸರಪಂಚ ಪಾಟೀಲರ ಹೊಲಕ್ಕೆ ತಿರುಗಿತ್ತು. ಅವ್ವ, ಆಯಿ, ಓಣಿಯ ಹೆಂಗಸರೆಲ್ಲ ಬಿಸಿಲಲ್ಲಿ ಹೊಳೆಯಿಂದ ಕೊಡ ಹೊತ್ತು ತರುತ್ತಿದ್ದರು. ದಿನ ತುಂಬಿದ್ದ ನೆರೆಮನೆಯ ಸೊಸೆ ದಂಡೆಯಲ್ಲಿ ಜಾರಿ ಬಿದ್ದಳು. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಮರುದಿನ ಇಳಿಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಜನ ಸೇರಿದರು. ಹೆಚ್ಚಿನವರು ಸೈನ್ಯದಿಂದ ಪೆನ್ಶನ್ ಪಡೆದು ಬಂದವರು. ಅವರ ನಡುವೆ ಬಸು ಕಾಕಾ, ನನ್ನ ಅಪ್ಪನ ತಮ್ಮ, ಕೆಂಡದಂತೆ ಕೂತಿದ್ದ. ನಾನು ಆಯಿಯ ಪಕ್ಕದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ.

"ಸುಭೇದಾರ್ರ, ನೀವು ಡ್ರೆಸ್ ಹಾಕ್ಕೊಂಡ ಮುಂದ ನಡೀರಿ," ಎಂದ ಒಬ್ಬ. "ಪಾಟೀಲನ ಬಾಗಿಲದಾಗ ನಿಂದ್ರೂಣು. ರಾಜೀನಾಮಾ ಕೊಡೂತನಕ ಬಿಡೂದು ಬ್ಯಾಡ. ಆಮ್ಯಾಲ ಊರ ನೀವ ನೋಡ್ಕೋರಿ. ಮಿಲಿಟರಿಯವರು ಕುಂತ್ರ ಎಲ್ಲಾ ಸೀದಾ ಆಗತೈತಿ."

ಮುತ್ಯಾ ಮಾಸ್ತರನ ದೇಶದ ಮಾತು ತೆಗೆದ. ಮಾಸ್ತರ ಹುಡುಗನಿದ್ದಾಗ ಅಲ್ಲಿಯೂ ಇಲೆಕ್ಷನ್ ಇತ್ತು, ಪಾರ್ಟಿಗಳಿದ್ದವು, ಜನ ಮತ ಹಾಕುತ್ತಿದ್ದರು. ಮಂತ್ರಿಗಳಲ್ಲಿ ಕಳ್ಳರೂ ಇದ್ದರು. ಅತ್ತ ಹಳ್ಳಿಗಳಲ್ಲಿ ಬೆಳೆ ಹೋಗಿ, ಹೊಟ್ಟೆಗಿಲ್ಲದೆ ರೈತರು ಮಗಳಂದಿರನ್ನು ಮಾರುವ ಕಾಲ ಬಂತು. ಸೈನ್ಯದ ಎಳೆಯ ಅಧಿಕಾರಿಗಳ ಪಲಟಣಿಗೆ ಬಂದವರು ಆ ಹಳ್ಳಿಯ ಮಕ್ಕಳೇ. ಸಿಪಾಯಿಯ ತಂಗಿಯ ಗತಿ ಕೇಳಿ ಆ ಅಧಿಕಾರಿಗಳ ರಕ್ತ ಕುದಿಯಿತು. ಒಂದು ಸಲ ಅವರು ಪಿಸ್ತೂಲು ಹಿಡಿದು ಪ್ರಧಾನಮಂತ್ರಿಯ ಮನೆಗೇ ನುಗ್ಗಿದರು. ಅವನು ಮುದುಕ. ಓಡಿಹೋಗದೆ, ಕೂತು ಮಾತಾಡೋಣವೆಂದು ಅವರನ್ನು ಒಳಗೆ ಕರೆದ. ಅವರು ಅವನನ್ನು ಅಲ್ಲಿಯೇ ಕೊಂದರು.

"ಕೊಂದವರ ಮ್ಯಾಲ ಕೋರ್ಟಿನಾಗ ಖಟ್ಲೆ ನಡದಾಗ ಊರೂರ ಜನ ಅತ್ತರಂತ," ಎಂದ ಮುತ್ಯಾ. "ಸತ್ತ ಮುದುಕಗಲ್ಲ, ಹೊಡದ ಹುಡುಗೂರಿಗಿ. ಪಾಪ, ದೇಶದ ಸಲುವಾಗಿ ಮಾಡ್ಯಾರು, ಮಾಫ ಮಾಡ್ರಿ ಅಂತ. ಮಾಸ್ತರನೂ ಅತ್ತಿದ್ನಂತ. ಆಮ್ಯಾಲ ಮಂತ್ರಿಗಳೆಲ್ಲ ಅಂಜಿದ್ರು. ಸರಕಾರದಾಗ ಸೈನ್ಯದ ಮಂತ್ರಿ ಸೇನಾಪತಿನ ಆಗಬೇಕಿತ್ತು; ಅವನ್ನ ಕೊಡಂಗಿಲ್ಲಂತ ಸೈನ್ಯ ಅಂದ್ರ ಸರಕಾರನ ಬೀಳತಿತ್ತು. ಹಿಂಗಾಗಿ ಸೇನಾಪತಿಗಳ ಮಾತ ನಡೀತು. ಅವರು ಯುದ್ಧ ಅಂದ್ರು, ಯುದ್ಧ ಆತು. ಬ್ಯಾಡ ಅನ್ನಾವ್ರು ಯಾರೂ ಉಳಿದಿರ್ಲಿಲ್ಲ. ಆ ಹುಡುಗೂರು ಕೆಟ್ಟವರಲ್ಲೋ ಬಸು. ನಿನ್ನಂಗ ಭಾಳ ಒಳ್ಳೆಯವರು."

ಕಾಕಾ ಎದ್ದು ನಿಂತ. "ಅಪ್ಪಾ, ಇಲ್ಲಿ ಹೆಣ್ಮಕ್ಕಳು ನೀರಿಗಿ ಸಾಯಾಕತ್ತಾರ, ನಿನಗ ಜಪಾನ ನೆಪ್ಪಾಗಾಕತ್ತೈತಿ," ಎಂದವನೇ ಹೊರಟುಹೋದ. ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅದು ಮುತ್ಯಾನಿಗೂ ಗೊತ್ತಿತ್ತು. ಅಂದು ಅವನು ರೊಟ್ಟಿ ಮುರಿದು ಹಾಗೆಯೇ ತಾಟಿನಲ್ಲಿ ಬಿಟ್ಟ.

ಮರುದಿನ ಬೆಳಿಗ್ಗೆ ಅವರೆಲ್ಲ ಕೋಲು ಹಿಡಿದು ಗುಡಿಯ ಮುಂದೆ ಸೇರಿದ್ದಾರೆಂದು ಸುದ್ದಿ ಬಂತು. ಮುತ್ಯಾ ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲ ಬಾಗಿಲಿನಿಂದ ಹೊರಟ. ನಾನು ಅವನ ಹಿಂದೆಯೇ ಓಡಿದೆ. ನಾವು ಮುಟ್ಟುವಷ್ಟರಲ್ಲಿ ಪಾಟೀಲರ ಮನೆಯ ಬಾಗಿಲು ಮುಚ್ಚಿತ್ತು, ಒಳಗೆ ಹೆಂಗಸರು ಅಳುವುದು ಕೇಳುತ್ತಿತ್ತು. ಮುತ್ಯಾ ಹೊಸ್ತಿಲಿಗೆ ಅಡ್ಡವಾಗಿ ಕಾಲು ಮಡಚಿ ಕೂತುಬಿಟ್ಟ. ಗುಂಪು ಬಂದಾಗ ಎಲ್ಲರ ಮುಂದಿದ್ದವನು ಕಾಕಾ.

"ಬಾಜೂಕ ಸರಿ, ಅಪ್ಪಾ," ಎಂದ ಕಾಕಾ.

"ಕೋಲ ಕೆಳಗಿಟ್ಟ ಕುಂದರ್ರಿ. ಮಾತಾಡೂಣು."

"ಸರೀತಿಯೋ ಇಲ್ಲೋ?"

"ಸರಿಯಂಗಿಲ್ಲೋ. ಇವತ್ತ ಈ ಮನಿಗಿ ಬಂದ್ರಿ. ನಾಳೆ ನೀವು ತಪ್ಪ ಮಾಡಿದ್ರ ನಿಮಗ ಯಾರು ಹೇಳಾವ್ರು?"

ಮಗ ಅಪ್ಪನನ್ನು ದಾಟಿ ಹೋಗುತ್ತಾನೇನೋ ಎಂದು ಇಡೀ ಓಣಿ ಉಸಿರು ಹಿಡಿದು ನಿಂತಿತ್ತು. ಕೊನೆಗೆ ಅವನು ಕೋಲನ್ನು ಬೀದಿಗೆ ಎಸೆದು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಉಳಿದವರು ಒಬ್ಬೊಬ್ಬರಾಗಿ ಕರಗಿದರು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಪಾಟೀಲರು ಕೈ ಮುಗಿದರೂ ಮುತ್ಯಾ ತಿರುಗಿ ಕೈ ಮುಗಿಯಲಿಲ್ಲ. "ನೀರಿಂದು ತಪ್ಪ ನಿಮ್ದ ಐತ್ರಿ, ಪಾಟೀಲ್ರ. ಇಲೆಕ್ಷನ್‌ದಾಗ ನಿಮ್ಮ ಎದರ ನಾನ ನಿಂದ್ರತೇನಿ," ಎಂದು ನನ್ನ ಕೈ ಹಿಡಿದು ಮನೆಗೆ ನಡೆದ.

ಇಲೆಕ್ಷನ್ ಬಂದಾಗ ನಿಂತ. ಧೋತರದಲ್ಲಿಯೇ ಮನೆಮನೆಗೆ ಹೋಗಿ ಮತ ಕೇಳಿದ. ಸೋತ. ಸುಭೇದಾರ ಅಂಜಿದನೆಂದು ಅವನ ಕಡೆಯವರೇ ಅಂದರು. ಕಾಕಾ ಶಿರೋಳಿಯ ಎರಕದ ಕಾರಖಾನೆಗೆ ದುಡಿಯಲು ಹೋದವನು ಹಬ್ಬಕ್ಕೆ ಬಂದರೂ ಅಪ್ಪನೊಡನೆ ಮಾತಾಡುತ್ತಿರಲಿಲ್ಲ. ಆಯಿ ಇಬ್ಬರ ತಾಟಿಗೂ ತುಪ್ಪ ಬಡಿಸುತ್ತ, ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದಳು. ಮುತ್ಯಾ ಮಾತ್ರ ಒಂದೂ ಗ್ರಾಮಸಭೆ ತಪ್ಪಿಸದೆ ಹೋಗಿ, ಎದ್ದು ನಿಂತು, ಪೈಪು ಎಂದು ಬರುತ್ತದೆಂದು ಕೇಳಿ ಕೂಡುತ್ತಿದ್ದ. ಮೊದಮೊದಲು ಜನ ನಕ್ಕರು. ಆಮೇಲೆ ಅವನ ಹಿಂದೆ ಹೆಂಗಸರು ಬಂದು ಕೂಡತೊಡಗಿದರು. ಕೊನೆಗೊಂದು ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ನಳಕ್ಕೆ ನೀರು ಬಂತು. ಆ ನೀರನ್ನು ಮೊದಲು ತುಂಬಿದವಳು ಹೊಳೆಯ ದಂಡೆಯಲ್ಲಿ ಬಿದ್ದಿದ್ದ ಆ ಸೊಸೆ. ಅವಳು ಕೊಡ ತುಂಬಿ, ಅಲ್ಲಿಯೇ ಇಳಿಸಿ, ನಳದ ಕಟ್ಟೆಯ ಮೇಲೆ ಕೂತು ಅತ್ತಳು. ಮುತ್ಯಾ ದೂರದಿಂದ ನೋಡಿ, ತಲೆ ತಗ್ಗಿಸಿ ಹೊಲದ ದಾರಿ ಹಿಡಿದ. ನೀರು ಅವಳಿಗೆ ತಡವಾಗಿ ಬಂದಿತ್ತು.

ಮುತ್ಯಾ ಹೋದ ದಿನ ಕಾಕಾ ಶಿರೋಳಿಯಿಂದ ಬಂದ. ಹೆಗಲು ಕೊಡಲು ಮುಂದೆ ಒಂದು ಕಡೆ ಅವನು ನಿಂತರೆ, ಇನ್ನೊಂದು ಕಡೆ ಮುಪ್ಪಾಗಿದ್ದ ಪಾಟೀಲರು ಬಂದು ನಿಂತರು. ಯಾರೂ ತಡೆಯಲಿಲ್ಲ. ಮಣ್ಣು ಕೊಟ್ಟು ಬಂದು ಹಿತ್ತಲಲ್ಲಿ ಕಾಲು ತೊಳೆಯುವಾಗ ಕಾಕಾನಿಗೆ ನೀರು ಹಾಕುತ್ತಿದ್ದವಳು ನಾನು. "ಆ ಮುಂಜಾನೆ ನಾ ಆ ಪಾಟೀಲನ್ನ ಖರೇನ ಹೊಡೀತಿದ್ನವ್ವಾ," ಎಂದ. "ಅಪ್ಪಗ ಅದು ಗೊತ್ತಿತ್ತು. ಅದನ್ನ ಅವ ಒಂದ ದಿನಾನೂ ನನಗ ಅಂದು ತೋರಿಸ್ಲಿಲ್ಲ." ಅಷ್ಟು ಹೇಳಿ ಗೋಡೆಗೆ ಹಣೆ ಹಚ್ಚಿ, ಸಣ್ಣ ಹುಡುಗನ ಹಾಗೆ ಅತ್ತ. ಆಯಿ ಒಳಗಿನಿಂದ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. ಈಗ ಆಯಿ ಇಲ್ಲ, ಕಾಕಾನೂ ಇಲ್ಲ. ಅಪ್ಪನೊಡನೆ ಅವನು ಆಡದೆ ಉಳಿಸಿಕೊಂಡ ಮಾತೆಲ್ಲ ಆ ಹಿತ್ತಲಲ್ಲಿಯೇ, ಒದ್ದೆ ಕಲ್ಲಿನ ಮೇಲೆ, ಉಳಿದುಹೋಯಿತು.