ಗಾಜಿನ ಕಡಲಿಗೆ ಅಳೆದು ಹಾಕುವ ತುತ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಪು ದೀಪಸ್ತಂಭದ ಕೆಳಗೆ, ಬಂಡೆಗಳ ಸಂದಿನಲ್ಲಿ, ಗುಣವತಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಅಲೆ ಹಿಂದೆ ಸರಿಯುವುದನ್ನೇ ಕಾಯುತ್ತಿದ್ದಾರೆ. ಸರಿದದ್ದೇ ತಡ, ಕೊಡ ಅದ್ದಿ ಎತ್ತಿಕೊಂಡು ಮೇಲಕ್ಕೆ ಓಡುತ್ತಾರೆ. ಮಳೆಗಾಲದ ಸಮುದ್ರ ಯಾರಿಗೂ ದಾಕ್ಷಿಣ್ಯ ತೋರಿಸುವುದಿಲ್ಲ. ಎರಡು ಕೊಡ ತುಂಬುವಷ್ಟರಲ್ಲಿ ಮೈಯೆಲ್ಲ ಒದ್ದೆ. ಇಷ್ಟಾದರೂ ಅವರ ನೋಟ ಕಾಲಬುಡದಲ್ಲೇ ಇರುತ್ತದೆ, ಒಮ್ಮೆಯೂ ದೂರದ ನೀರಿನತ್ತ ಹೋಗುವುದಿಲ್ಲ.

"ಅತ್ತ ನೋಡಿ ಎಂತ ಮಾಡುವುದು? ನನಗೆ ಬೇಕಾದ್ದು ಎರಡು ಕೊಡ ನೀರು. ಅಷ್ಟು ತೆಗೆದುಕೊಂಡು ಬರುವುದು."

ಈ ನೀರು ಹೋಗುವುದು ಹೆದ್ದಾರಿಯ ಪಕ್ಕದ ಖೈರುನ್ನಿಸಾ ಅವರ ಮನೆಗೆ. ಚಾವಡಿಯಲ್ಲಿ ಆಳುದ್ದದ ಗಾಜಿನ ಪೆಟ್ಟಿಗೆ, ಅದರೊಳಗೆ ಉಪ್ಪುನೀರಿನ ಮೀನುಗಳು. ಖೈರುನ್ನಿಸಾ ಅವರ ಗಂಡ ಕುಂಞಿ ಮೊಹಮ್ಮದ್ ಶಾರ್ಜಾದಲ್ಲಿ ಸಾಕುಮೀನು ಮಾರುವ ಅಂಗಡಿಯಲ್ಲಿದ್ದಾರೆ. ಪೆಟ್ಟಿಗೆ, ಪಂಪು ಅಲ್ಲಿಂದ ಬಂದವು. ಮೀನುಗಳನ್ನು ಲಕ್ಷದ್ವೀಪದ ಮಂಜಿ ಹಡಗಿನವರು ಮಂಗಳೂರಿಗೆ ತಂದು ಕೊಡುತ್ತಾರೆ. ಉಡುಪಿ, ಮಣಿಪಾಲದಿಂದ ಬಂದ ನೆಂಟರೆಲ್ಲ ಗಾಜಿಗೆ ಮೂಗು ತಾಗಿಸಿ ನೋಡಿ ಹೋಗುತ್ತಾರೆ. ನೀರು ಹೊತ್ತವರನ್ನು ಕೇಳಿದವರಿಲ್ಲ.

ತಂದ ನೀರನ್ನು ಗುಣವತಿ ಡ್ರಮ್ಮಿಗೆ ಸುರಿದು ಕೆಸರು ತಳಕ್ಕೆ ಕೂರಲು ಬಿಡುತ್ತಾರೆ. ಹಿಂದೆ ತಂದಿಟ್ಟ ತಿಳಿನೀರನ್ನು ಹಳೆಯ ಪಂಚೆಯಲ್ಲಿ ಸೋಸಿ ಪೆಟ್ಟಿಗೆಗೆ ಹಾಕುತ್ತಾರೆ. ಆಮೇಲೆ ಊಟದ ಕೆಲಸ. ಸಿಗಡಿ, ಮರುವಾಯಿ ಚಿಪ್ಪಿನ ಮಾಂಸವನ್ನು ಸಾಸಿವೆಯಷ್ಟು ಸಣ್ಣಗೆ ಕೊಚ್ಚಿ, ತೊಳೆದು, ಬೆರಳ ತುದಿಯಿಂದ ಉದುರಿಸುತ್ತಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಚಿಟಿಕೆಯಷ್ಟು. ಶುಕ್ರವಾರ ಏನೂ ಇಲ್ಲ. ಹಾಕಿದ್ದು ತಳ ಮುಟ್ಟುವ ಮೊದಲೇ ಮುಗಿಯಬೇಕು. ಉಳಿದರೆ ಕೊಳೆಯುತ್ತದೆ, ಕೊಳೆತರೆ ನೀರು ವಿಷವಾಗುತ್ತದೆ. ಕುಂಞಿ ಮೊಹಮ್ಮದ್ ರಜೆಯಲ್ಲಿ ಬಂದಾಗ ಪಕ್ಕದಲ್ಲಿ ನಿಂತು ಕಲಿಸಿದ ಪಾಠ ಇದು.

"ಅವು ಯಾವಾಗಲೂ ಬಾಯಿ ತೆರೆದುಕೊಂಡೇ ಬರುತ್ತವೆ. ಹಸಿವು ಅಂತ ಕಾಣುತ್ತದೆ, ಅಲ್ವಾ? ನಂಬಬಾರದು. ಹಸಿವಿನಿಂದ ಸತ್ತ ಮೀನನ್ನು ಈ ಮನೆಯಲ್ಲಿ ನಾನು ನೋಡಿಲ್ಲ. ಹೊಟ್ಟೆಗೆ ಹಾಕಿ ಕೊಂದದ್ದನ್ನು ನೋಡಿದ್ದೇನೆ."

ಹೀಗೆನ್ನುತ್ತಾ ಗುಣವತಿ ಬೆರಳಿಗೆ ಅಂಟಿದ ಚೂರನ್ನು ತೊಳೆದುಕೊಳ್ಳುತ್ತಾರೆ.

ಗುಣವತಿಯ ಗಂಡ ಶೇಖರ ದೋಣಿಯಲ್ಲಿ ಮೀನುಗಾರಿಕೆಗೆ ಹೋಗುತ್ತಿದ್ದ. ಎಂಬತ್ತೊಂದರ ಮಳೆಗಾಲದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರ ಹೆಣ ಹೂಡೆಯ ದಡಕ್ಕೆ ಬಂತು, ಶೇಖರನದ್ದು ಬರಲೇ ಇಲ್ಲ. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಗುಣವತಿ ಆ ಕೆಲಸ ಬಿಟ್ಟರು, ಮೀನಿನ ಹೊಟ್ಟೆ ಸೀಳುವುದು ಅವರಿಂದ ಆಗಲಿಲ್ಲ. ಮನೆಯಲ್ಲಿ ಅತ್ತೆ ಸುಗಂಧಿ ಮತ್ತು ಅವರು, ಇಬ್ಬರೇ. ಹೊಟ್ಟೆಪಾಡಿಗೆ ಸಿಕ್ಕಿದ್ದು ಈ ಕೆಲಸ. ಗಂಡನನ್ನು ಕೊಂಡೊಯ್ದ ನೀರನ್ನೇ ಹೊತ್ತು ತರುವ ಕೆಲಸ! ಗುಣವತಿ ಮಾತ್ರ ಅದನ್ನು ದೊಡ್ಡದು ಮಾಡುವುದಿಲ್ಲ. "ಬೇರೆ ಕೆಲಸ ಯಾರು ಕೊಟ್ಟರು?" ಎಂದು ಕೇಳುತ್ತಾರೆ.

ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಬಡಿಸುವುದು ಇಲ್ಲಿಯ ಪದ್ಧತಿ. ಬಡಿಸಿ, ಬಾಗಿಲು ಎಳೆದುಕೊಂಡು, ಅವರು ಬಂದು ಉಂಡು ಹೋಗಲೆಂದು ಹೊರಗೆ ಕಾಯುತ್ತಾರೆ. ಆದರೆ ಸುಗಂಧಿ ಅಜ್ಜಿಯದು ಬೇರೆಯೇ ಲೆಕ್ಕಾಚಾರ. ದೇಹ ದಡಕ್ಕೆ ಬಾರದವನು ಮನೆಗೆ ಹೇಗೆ ಬಂದಾನು, ಅವನಿರುವಲ್ಲಿಗೇ ಕೊಂಡುಹೋಗಿ ಕೊಡಬೇಕು. ಪ್ರತಿ ವರ್ಷ ಎಲೆಯನ್ನು ಕಟ್ಟಿಕೊಂಡು ಹೋಗಿ ಸಮುದ್ರಕ್ಕೆ ಬಿಡುತ್ತಿದ್ದರು.

ಕಳೆದ ವರ್ಷ ಆಟಿಯಲ್ಲಿ ಅಲೆ ರಸ್ತೆಯ ತನಕ ನುಗ್ಗಿತ್ತು. ದಡದಲ್ಲಿದ್ದವರು ಅಜ್ಜಿಯನ್ನು ಕೈ ಹಿಡಿದು ಹಿಂದೆ ಕಳುಹಿಸಿದರು. ಎಲೆಯ ಗಂಟು ಹಿಡಿದುಕೊಂಡ ಮುದುಕಿ ನೆನೆಯುತ್ತಲೇ ಸೊಸೆ ಕೆಲಸ ಮಾಡುವ ಮನೆಗೆ ಬಂದರು. ಗುಣವತಿ ಅಕ್ಕಿ ಹುಡಿ ಮಾಡಿಸಲು ಗಿರಣಿಗೆ ಹೋಗಿದ್ದರು. ಚಾವಡಿಯಲ್ಲಿ ಗಾಜಿನ ಪೆಟ್ಟಿಗೆ ಇತ್ತು, ಅದರಲ್ಲಿ ಅದೇ ಸಮುದ್ರದ ನೀರಿತ್ತು. ಅಜ್ಜಿ ಗಂಟು ಬಿಚ್ಚಿ ಅನ್ನ, ಪಲ್ಯ, ಸಾರಿನ ಹೋಳು ಎಲ್ಲವನ್ನೂ ಅದಕ್ಕೆ ಬಡಿಸಿದರು.

ಖೈರುನ್ನಿಸಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದರು. "ಮಗನಿಗೆ ಅಂತ ಹೇಳಿದರು. ಮಗನಿಗೆ ಬಡಿಸಬೇಡಿ ಅಂತ ನಾನು ಹೇಗೆ ಹೇಳುವುದು ಮಾರಾಯ್ರೆ?"

ಮೀನುಗಳು ಮುಗಿಬಿದ್ದು ತಿಂದವು. ಅಜ್ಜಿ ಅದನ್ನು ಕಣ್ಣಾರೆ ಕಂಡರು. ಸಮುದ್ರಕ್ಕೆ ಬಿಟ್ಟ ಎಲೆ ಅಲೆಯಲ್ಲಿ ಮರೆಯಾಗುತ್ತಿತ್ತು, ಉಂಡನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಈ ಸಲ ತಿಳಿಯಿತು. ಆ ಸಂಜೆ ಸೊಸೆಯನ್ನು ಕೂರಿಸಿಕೊಂಡು, "ಉಂಡ ಮಗಳೇ, ಕೊನೆಗೂ ಹೊಟ್ಟೆ ತುಂಬ ಉಂಡ" ಎಂದು ಅತ್ತರು, ನಕ್ಕರು.

ಮರುದಿನ ಗುಣವತಿ ಹೋಗುವಾಗ ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೂಲೆಯಲ್ಲಿ ಒಂದೇ ಒಂದು ಪಟ್ಟೆ ಮೀನು ಉಸಿರಿಗೆ ಒದ್ದಾಡುತ್ತಿತ್ತು. ಅದನ್ನು ಬಕೆಟ್ಟಿಗೆ ಹಾಕಿ, ದಿನವಿಡೀ ನೀರು ಹೊತ್ತು, ಪೆಟ್ಟಿಗೆ ತೊಳೆದು, ಹೇಗೋ ಉಳಿಸಿಕೊಂಡರು. ಸುದ್ದಿ ಶಾರ್ಜಾಕ್ಕೆ ಮುಟ್ಟಿತು. ಕುಂಞಿ ಮೊಹಮ್ಮದ್ ಬೈಯಲಿಲ್ಲ. ಇನ್ನೊಮ್ಮೆ ಹೀಗಾದರೆ ಪೆಟ್ಟಿಗೆಯೂ ಬೇಡ, ಕೆಲಸದವರೂ ಬೇಡ ಎಂದಷ್ಟೇ ಹೇಳಿ ಕಳುಹಿಸಿದರು.

ಅತ್ತೆಗೆ ಗುಣವತಿ ಈವರೆಗೂ ಸತ್ಯ ಹೇಳಿಲ್ಲ. "ಮಾಮಿಗೆ ಹೇಗೆ ಹೇಳಲಿ? ನಿಮ್ಮ ಕೈಯ ಅನ್ನ ತಿಂದು ಅವೆಲ್ಲ ಸತ್ತವು ಅಂತ ಹೇಳಿದರೆ ಅವರು ಒಲೆಯ ಹತ್ತಿರವೇ ಹೋಗಲಿಕ್ಕಿಲ್ಲ." ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಎಂದು ಕೇಳಿದ್ದಕ್ಕೆ ಅವರೆಂದರು: "ಬರೆಯಿರಿ. ಅವರಿಗೆ ಅಕ್ಷರ ಬರುವುದಿಲ್ಲ. ಓದಿ ಹೇಳುವವರು ಮನೆಯಲ್ಲಿ ನಾನೇ."

ಈಗ ಮತ್ತೆ ಆಟಿ ಬರುತ್ತಿದೆ. ಪೆಟ್ಟಿಗೆಯಲ್ಲಿ ಹೊಸ ಮೀನುಗಳಿವೆ. ಅಜ್ಜಿ ಈಗಲೇ ಅಣಿಯಾಗಿದ್ದಾರೆ. ಈ ಸಲ ಸಮುದ್ರಕ್ಕೆ ಬೇಡ, ಆ ಮನೆಗೇ ಹೋಗುವುದು ಎಂದು ಹಟ ಹಿಡಿದಿದ್ದಾರೆ. ಬೇಡವೆಂದರೆ ಕಾರಣ ಹೇಳಬೇಕು, ಬನ್ನಿ ಎಂದರೆ ಕೆಲಸ ಹೋಗುತ್ತದೆ. ಗುಣವತಿ ದಾರಿಯೊಂದನ್ನು ಹುಡುಕಿಕೊಂಡಿದ್ದಾರೆ.

"ಮಳೆಯಲ್ಲಿ ನೀವು ಬರುವುದು ಬೇಡ ಮಾಮಿ, ನಾನೇ ಕೊಂಡುಹೋಗಿ ಬಡಿಸುತ್ತೇನೆ ಅಂತ ಹೇಳುತ್ತೇನೆ. ಗಂಟು ಹಿಡಿದುಕೊಂಡು ಹೊರಡುತ್ತೇನೆ. ದಾರಿಯಲ್ಲಿ ಎಲ್ಲಾದರೂ ಕೂತು ನಾನೇ ಉಣ್ಣುತ್ತೇನೆ."

ಎಲೆಯಲ್ಲಿ ಬಂಗುಡೆಯ ಸಾರು ಇರುತ್ತದೆ, ಶೇಖರನಿಗೆ ಪ್ರಿಯವಾದದ್ದು. ಗಂಡ ಹೋದಂದಿನಿಂದ ಗುಣವತಿ ಮೀನು ಬಾಯಿಗಿಟ್ಟಿಲ್ಲ. ಅದರ ಹೊಟ್ಟೆಯಲ್ಲಿ ಯಾರಿದ್ದಾರೋ ಎಂಬ ಭಯ ಇನ್ನೂ ಹೋಗಿಲ್ಲ.

"ಅದನ್ನೂ ತಿನ್ನುತ್ತೇನೆ," ಎನ್ನುತ್ತಾ ಖಾಲಿ ಕೊಡ ಎತ್ತಿಕೊಳ್ಳುತ್ತಾರೆ. "ವಾಂತಿಯಾಗದಿದ್ದರೆ ಸಾಕು. ಮನೆಗೆ ಹೋಗಿ, ನಿಮ್ಮ ಮಗ ಉಂಡರು ಅಂತ ಹೇಳಬೇಕಲ್ಲ."