ದಿಂಬಿನಡಿಯ ಮೈಕು ಕೇಳಿಸಿಕೊಂಡ ಉತ್ತರ

2006ರಲ್ಲಿ ನಾನು ಕುಮಟಾದಲ್ಲಿ ವಕೀಲರ ಕಾಗದಪತ್ರಗಳನ್ನು ಟೈಪ್ ಮಾಡಿಕೊಡುವ ಅಂಗಡಿ ನಡೆಸುತ್ತಿದ್ದೆ. ಅಪ್ಪ ತದಡಿ ಬಂದರಿನಲ್ಲಿ ಮೀನು ಬುಟ್ಟಿ ಹೊರುತ್ತಿದ್ದವರು. ನಮ್ಮ ಮನೆಯಿಂದ ಕಾಲೇಜಿಗೆ ಹೋದವಳು ನಾನೇ ಮೊದಲು. ಬಿ.ಎ. ಮುಗಿಸಿ ಕನ್ನಡ ಶೀಘ್ರಲಿಪಿ, ಬೆರಳಚ್ಚು ಎರಡರಲ್ಲೂ ಸೀನಿಯರ್ ಪಾಸು ಮಾಡಿದ್ದೆ. ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಮುಂದೆ ಬಿ.ಎ. ಬರೆಯಲು ಜಾಗ ಸಾಲುವುದಿಲ್ಲ ಎಂದು ಪೇಂಟರ್ ತಕರಾರು ತೆಗೆದಾಗ, ಬೇಕಾದರೆ ಹೆಸರು ಸಣ್ಣದು ಮಾಡು, ಅದನ್ನು ಮಾತ್ರ ಬಿಡಬೇಡ ಎಂದಿದ್ದೆ.

ಆ ವರ್ಷ ಶಾನಭಾಗ ವಕೀಲರು ನನಗೊಂದು ಹೊಸ ಬಗೆಯ ಕೆಲಸ ತಂದರು. ಸಾಕ್ಷಿ ಕೋರ್ಟಿಗೆ ಬರಲಾರದ ಸ್ಥಿತಿಯಲ್ಲಿದ್ದರೆ ಮನೆಗೇ ಹೋಗಿ ಹೇಳಿಕೆ ಬರೆದುಕೊಳ್ಳಲು ಕೋರ್ಟು ಒಬ್ಬ ವಕೀಲರನ್ನು ನೇಮಿಸುತ್ತದೆ. ಅವರಿಗೆ ಕಮಿಷನರ್ ಎನ್ನುತ್ತಾರೆ. ಶಾನಭಾಗರು ಹಾಗೆ ಕಮಿಷನರ್ ಆಗಿ ಮುರ್ಡೇಶ್ವರಕ್ಕೆ ಹೋಗಿ, ಹಾಸಿಗೆ ಹಿಡಿದಿದ್ದ ಮಾದೇವಿ ಎಂಬ ಮುದುಕಿಯ ಸಾಕ್ಷ್ಯ ಬರೆದುಕೊಂಡು ಬಂದಿದ್ದರು. ಮಾದೇವಿಯ ಮನೆ ಮತ್ತು ಅವಳು ಮೀನು ಒಣಗಿಸುತ್ತಿದ್ದ ಅಂಗಳವನ್ನು ಅವಳ ತಮ್ಮ ಲಾಡ್ಜ್ ಕಟ್ಟುವವರಿಗೆ ಮಾರಲು ಹೊರಟಿದ್ದ. ಅಕ್ಕ ತನ್ನ ಪಾಲು ಬಿಟ್ಟುಕೊಡಲು ಬಾಯಿಮಾತಿನಲ್ಲಿ ಒಪ್ಪಿದ್ದಾಳೆ ಎಂಬುದು ಅವನ ವಾದ. ಒಪ್ಪಿಲ್ಲ ಎಂಬುದು ಅವಳ ವಾದ.

ಸಾಕ್ಷ್ಯವನ್ನು ವಿಡಿಯೋ ಕೂಡ ಮಾಡಿದ್ದರು. ಮದುವೆ ವಿಡಿಯೋ ತೆಗೆಯುವ ಊರಿನ ಹುಡುಗನೇ ಕ್ಯಾಮೆರಾ ಹಿಡಿದಿದ್ದ. ಅಜ್ಜಿಯ ದನಿ ಸಣ್ಣದೆಂದು ಅವನು ಮದುಮಗನ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕನ್ನು ಅವಳ ದಿಂಬಿನ ಅಂಚಿನಡಿಗೆ ತುರುಕಿದ್ದನಂತೆ. ಅದಾಗಿ ಕೆಲವೇ ದಿನಕ್ಕೆ ಮಾದೇವಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಅವಳನ್ನು ಮತ್ತೆ ಕೇಳುವ ದಾರಿ ಇರಲಿಲ್ಲ. ಟೈಪಾದ ಹೇಳಿಕೆಯಲ್ಲಿ ಒಂದು ಸಾಲು ಹೀಗಿತ್ತು: "ಸದರಿ ಜಾಗವನ್ನು ತಮ್ಮನಿಗೆ ಬಿಟ್ಟುಕೊಡಲು ನಾನು ಒಪ್ಪಿದ್ದೆ ಎಂದರೆ ಸರಿ." ಅದೊಂದೇ ಸಾಲಿಗೆ ಅವಳ ಮನೆ ಹೋಗುವುದಿತ್ತು.

ವಿಡಿಯೋವನ್ನೂ ಟೈಪಾದ ಹೇಳಿಕೆಯನ್ನೂ ಹೊಂದಿಸಿ ಎರಡೂ ಕಡೆಯವರಿಗೆ ಕೊಡಬೇಕೆಂದು ಕೋರ್ಟು ಹೇಳಿತ್ತು. ಅದಕ್ಕೆಂದು ಶಾನಭಾಗರು ಯಾರಿಂದಲೋ ಒಂದು ಸಾಫ್ಟ್‌ವೇರ್ ಸಿ.ಡಿ. ತರಿಸಿದ್ದರು. ಒಂದು ಕಡೆ ಚಿತ್ರ ಓಡುತ್ತದೆ, ಇನ್ನೊಂದು ಕಡೆ ಬರಹ ಇರುತ್ತದೆ. ಕೇಳುತ್ತ ಕೇಳುತ್ತ ಪ್ರತಿ ಸಾಲಿಗೂ ಒಂದು ಕೀ ಒತ್ತಿ ಸಮಯದ ಗುರುತು ಹಾಕಬೇಕು. ಆಮೇಲೆ ಯಾವ ಸಾಲು ಒತ್ತಿದರೂ ಚಿತ್ರ ಆ ಕ್ಷಣಕ್ಕೇ ಹಾರುತ್ತದೆ. ಕನ್ನಡ ಮೂಡಿಸಲು ಫಾಂಟ್ ಬದಲಿಸಿ ಬದಲಿಸಿ ಸಾಕಾಯಿತು. ಕೊನೆಗೊಮ್ಮೆ ಮೊದಲನೇ ಸಾಲು ಒತ್ತಿದೆ. ಮಾದೇವಿ ಕಣ್ಣು ಬಿಟ್ಟು ತನ್ನ ಹೆಸರು ಹೇಳಿದಳು. ಅಷ್ಟು ವರ್ಷ ಸಾವಿರಾರು ಪುಟ ಟೈಪ್ ಮಾಡಿದವಳು ನಾನು. ಅಕ್ಷರದ ಹಿಂದೆ ಉಸಿರಾಡುವ ಮನುಷ್ಯರು ಕೂತಿದ್ದಾರೆ ಎಂದು ಅಂದು ಮೈಗೆ ತಾಗಿತು. ಆ ಮೊದಲನೇ ಸಾಲನ್ನೇ ಇನ್ನೊಮ್ಮೆ ಒತ್ತಿದೆ.

ಮುಂದೆ ಹೋದ ಹಾಗೆ ಕೆಲಸ ಕಗ್ಗಂಟಾಯಿತು. ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಆಡಿದ ಮಾತು ಹಾಗೆಹಾಗೇ ಕಾಗದಕ್ಕೆ ಇಳಿಯುವುದಿಲ್ಲ. ವಕೀಲರು ಕೇಳುತ್ತಾರೆ, ಸಾಕ್ಷಿ ಹೂಂ ಅಥವಾ ಉಹೂಂ ಎನ್ನುತ್ತಾನೆ. ಬರೆಸುವವರು ಎರಡನ್ನೂ ಸೇರಿಸಿ "ಎಂದರೆ ಸರಿ", "ಎಂದರೆ ಸುಳ್ಳು" ಎಂದು ಬರೆಸುತ್ತಾರೆ. ತಪ್ಪೇನಿಲ್ಲ, ಅದೇ ರೂಢಿ. ಆದರೆ ಯಂತ್ರಕ್ಕೆ ರೂಢಿ ಗೊತ್ತಿಲ್ಲ. ಕಾಗದದ ಮಾತು ಅಜ್ಜಿಯ ಬಾಯಲ್ಲಿ ಇಲ್ಲ, ಶಾನಭಾಗರ ಬಾಯಲ್ಲಿದೆ. ಅದನ್ನು ಹೇಳಿದಾಗ ಅವರು ನಕ್ಕರು.

"ಹಂಗಾರೆ ಇದು ಯಕ್ಷಗಾನದ ಆಟವೇ ಆತು ತಂಗಿ. ಪದ ಹೇಳುವವ ಹಿಂದೆ, ಕುಣಿವ ವೇಷ ಮುಂದೆ."

ಸಾಲಿಗೆ ಗುರುತು ಹಾಕುವಾಗ ಪ್ರಶ್ನೆ ಶುರುವಾಗುವ ಜಾಗದಲ್ಲಿ ಹಾಕೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ಹಾಗೆ ಮಾಡುತ್ತ ಆ ಸಾಲಿಗೆ ಬಂದೆ. ತಮ್ಮನ ಕಡೆಯ ವಕೀಲರ ಪ್ರಶ್ನೆ ಉದ್ದವಾಗಿತ್ತು. ಅದರ ಕೊನೆಯಲ್ಲಿ ಅಜ್ಜಿ "ಆತು, ಆತು" ಎಂದಳು. ನಮ್ಮ ಕಡೆ ಆತು ಎಂದರೆ ಒಪ್ಪಿಗೆ. ಕೆಲಸ ಮುಗಿಯಿತು ಎಂದರೂ ಆತು. ಶಾನಭಾಗರು ಬರೆಸಿದ್ದು ಸರಿಯಾಗಿಯೇ ಇದೆ ಅನ್ನಿಸಿತು. ಆದರೆ ಗುರುತು ಹಾಕಲು ಹೋದರೆ ಉತ್ತರ ಪ್ರಶ್ನೆ ಮುಗಿಯುವ ಮುಂಚೆಯೇ ಬೀಳುತ್ತಿತ್ತು. "ಒಪ್ಪಿದ್ದಿರಿ" ಎಂಬ ಮಾತು ವಕೀಲರ ಬಾಯಿಂದ ಹೊರಡುವ ಮೊದಲೇ ಅವಳು ಆತು ಎಂದಾಗಿತ್ತು.

ಹೆಡ್‌ಫೋನ್ ಹಾಕಿ ಮತ್ತೆ ಕೇಳಿದೆ. ವಕೀಲರ ದನಿಯ ಅಡಿಯಲ್ಲಿ ಇನ್ನೊಂದು ಹೆಣ್ಣು ದನಿ ಪಿಸುಗುಟ್ಟುತ್ತಿತ್ತು: "ಆತಾ ಅಮ್ಮ?" ಚಿತ್ರದಲ್ಲಿ ಎರಡು ಕೈ ಮಾತ್ರ ಕಾಣುತ್ತಿದ್ದವು. ಮಗಳು ಗಿರಿಜೆ ತಾಯಿಯ ತಲೆ ಎತ್ತಿ ದಿಂಬು ಸರಿಮಾಡುತ್ತಿದ್ದಳು. ಅಜ್ಜಿ ಆತು ಎಂದದ್ದು ದಿಂಬಿಗೆ. ಅಷ್ಟರಲ್ಲಿ ಶಾನಭಾಗರು ಗಟ್ಟಿಯಾಗಿ ಬರೆಸತೊಡಗಿದ್ದರು. ಅವರ "ಎಂದರೆ ಸರಿ"ಯ ಕೆಳಗೆ ನೀರಿನಡಿಯಿಂದ ಬಂದ ಹಾಗೆ ಅಜ್ಜಿಯ ದನಿ ಇತ್ತು.

"ನಾ ಎಂತಕೆ ಕೊಡುದು? ಮತ್ತೆ ನಾ ಇರುದೆಲ್ಲಿ?"

ಕೋಣೆಯಲ್ಲಿದ್ದ ಅಷ್ಟೂ ಜನರಿಗೆ ಕೇಳದ್ದು ದಿಂಬಿನಡಿಯ ಮೈಕಿಗೆ ಕೇಳಿತ್ತು. ಮಾತು ಸತ್ತ ಹೆಂಗಸು, ತನ್ನನ್ನು ಕೇಳಿದ ಒಂದೇ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಕೊಟ್ಟೇ ಮಾತು ನಿಲ್ಲಿಸಿದ್ದಳು. ಯಾರಾದರೂ ಕೇಳಲಿ ಎಂದು ಅದು ಅಲ್ಲಿ ಕಾದಿತ್ತು.

ಶಾನಭಾಗರಿಗೆ ಹೆಡ್‌ಫೋನ್ ಕೊಟ್ಟೆ. ಕೇಳಿದರು. ಇನ್ನೊಂದು ಸಲ ಹಾಕು ಎಂದರು. ಮೂರನೇ ಸಲ ಕೇಳಿ ಕನ್ನಡಕ ತೆಗೆದರು. "ನನ್ನ ಗಂಟ್ಲು ದೊಡ್ಡದು ಅಂತ ಮನೆಲಿ ಯಾವಾಗ್ಲೂ ಹೇಳ್ತಾರೆ" ಎಂದು ನಗಲು ನೋಡಿದರು, ಆಗಲಿಲ್ಲ. ಅಲ್ಲೇ ಕೂತು ಕೋರ್ಟಿಗೆ ವರದಿ ಹೇಳಿದರು, ನಾನು ಟೈಪ್ ಮಾಡಿದೆ. ತಮ್ಮದೇ ದನಿಯಿಂದ ಸಾಕ್ಷಿಯ ಉತ್ತರ ಮುಚ್ಚಿಹೋಯಿತು ಎಂಬುದನ್ನೂ ಬಿಡದೆ ಬರೆಸಿದರು.

ಕೋರ್ಟಿನಲ್ಲಿ ತಮ್ಮನ ಕಡೆಯ ವಕೀಲರು ಬಲವಾಗಿ ಆಕ್ಷೇಪಿಸಿದರು. ಹೇಳಿಕೆ ಓದಿ ಹೇಳಿದ ಮೇಲೆಯೇ ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾಳೆ, ಬಿ.ಎ. ಓದಿದ ಟೈಪಿಸ್ಟಮ್ಮನ ಕಿವಿಯನ್ನು ಸಾಕ್ಷಿ ಮಾಡಲಾದೀತೇ ಎಂದರು. ವಿಡಿಯೋ ಹಾಕಿ ತೋರಿಸಲು ಕಂಪ್ಯೂಟರ್ ಸಮೇತ ಬಂದಿದ್ದ ನಾನು, ನನ್ನ ಕಿವಿ ಬೇಡ, ತಾವೇ ಕೇಳಿ ಎಂದು ನ್ಯಾಯಾಧೀಶರಿಗೆ ಹೇಳಿದೆ. ನ್ಯಾಯಾಧೀಶರು ಫ್ಯಾನ್ ನಿಲ್ಲಿಸಲು ಹೇಳಿದರು. ನಾನು ಆ ಸಾಲು ಒತ್ತಿದೆ. ಹಿಂದಿನ ಬೆಂಚಿನಲ್ಲಿದ್ದ ಗಿರಿಜೆ ತಾಯಿಯ ದನಿ ಕೇಳುತ್ತಲೇ ಎದ್ದು ನಿಂತಳು. ಕೂರು ಎಂದು ಯಾರೂ ಹೇಳಲಿಲ್ಲ. ಮಾದೇವಿಯ ತಮ್ಮ ನೆಲ ನೋಡುತ್ತಿದ್ದ.

ಆ ಸಾಲನ್ನು ಒಪ್ಪಿಗೆ ಎಂದು ಓದಲಾಗದು ಎಂದು ಕೋರ್ಟು ಹೇಳಿತು. ತಮ್ಮನ ಹತ್ತಿರ ಬೇರೆ ಆಧಾರವಿರಲಿಲ್ಲ. ಮಾದೇವಿಯ ಪಾಲು ಅವಳಿಗೇ ಉಳಿಯಿತು, ಮನೆ ಅಂಗಳ ಸಮೇತ.

ಆ ಪ್ರಕರಣ ಕಲಿಸಿದ್ದನ್ನು ಯಾವ ಪರೀಕ್ಷೆಯೂ ನನಗೆ ಕಲಿಸಿರಲಿಲ್ಲ. ಮಾತಿಗೆ ಅರ್ಥ ಇರುವ ಹಾಗೆ ಹೊತ್ತೂ ಇದೆ. ಕಾಗದ ಅರ್ಥವನ್ನು ಹಿಡಿಯುತ್ತದೆ, ಹೊತ್ತನ್ನು ಕೈಬಿಡುತ್ತದೆ. ವೇಗವೇ ನನ್ನ ಹೆಮ್ಮೆಯಾಗಿತ್ತು. ಅಂದಿನಿಂದ ಸಾಕ್ಷ್ಯ ಟೈಪ್ ಮಾಡಲು ಕೂತಾಗ ಪ್ರಶ್ನೆ ಮುಗಿದ ಕೂಡಲೇ ನನ್ನ ಬೆರಳು ಓಡುವುದಿಲ್ಲ. ಬರೆಸುವವರು ಅವಸರ ಮಾಡಿದರೆ, ಅವರು ಎಷ್ಟೇ ದೊಡ್ಡವರಿರಲಿ, ತಲೆ ಎತ್ತಿ ಹೇಳುತ್ತೇನೆ: "ಸಾಕ್ಷಿ ಇನ್ನೂ ಉತ್ತರ ಕೊಟ್ಟಿಲ್ಲ, ಸರ್."