ಅಪರಾಧಿಯ ಹೆಸರು ಮೊದಲ ಸಾಲಿನಲ್ಲಿ

ನಾನು ಬಿ.ಎ. ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವರು ನಮ್ಮ ಅತ್ತೆ. ಬೆನ್ನ ಹಿಂದೆ ಹೇಳಿದ್ದಲ್ಲ, ನನ್ನೆದುರಿಗೇ, ರೊಟ್ಟಿ ಬಡಿಯುತ್ತಾ ಹೇಳಿದ್ದು. ಸಿಟ್ಟಿನಿಂದಲೂ ಅಲ್ಲ. ಈ ಸಲ ತೊಗರಿಗೆ ಹುಳ ಬಿದ್ದಿದೆ ಎಂದು ಹೇಳುವ ಹಾಗೆ ಹೇಳಿದರು. "ಕಥಿ ಪುಸ್ತಕದ ಹುಚ್ಚು ಇದ್ದಾಕಿ ಪರೀಕ್ಷಾ ಪಾಸಾಗಾಕಿ ಅಲ್ಲ. ಇದು ಆಗೂದಲ್ಲ, ಹೋಗೂದಲ್ಲ."

ಅವರ ಲೆಕ್ಕ ಪೂರ್ತಿ ತಪ್ಪೂ ಆಗಿರಲಿಲ್ಲ. ಮುದನಾಳದ ನನ್ನ ತವರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ. ಅಪ್ಪ ಕೂಲಿಗೆ ಹೋಗುತ್ತಿದ್ದ. ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಯಾದಗಿರಿಗೆ ನಡೆದು ಹೋಗಿ ಬಂದು ಪಿ.ಯು.ಸಿ. ಮುಗಿಸಿದೆ, ಮುಗಿಸಿದ ವರ್ಷವೇ ಶಹಾಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಆಗ ನಮ್ಮ ಹೊಲಗಳಿಗೆ ಕಾಲುವೆ ನೀರು ಹೊಸದು. ಮಳೆ ನೋಡಿ ಜೋಳ ಬಿತ್ತುತ್ತಿದ್ದ ಜನ ನೀರಿನ ಪಾಳಿ ನೋಡಿ ಮೆಣಸಿನಕಾಯಿ, ಭತ್ತ ಹಾಕುವುದನ್ನು ಕಲಿಯುತ್ತಿದ್ದರು. ಎರಡು ಮಕ್ಕಳಾದ ಮೇಲೆ ನಾನು ಅಂಚೆಯ ಮೂಲಕ ಬಿ.ಎ. ಕಟ್ಟಿದೆ. ಗಂಡ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಫೀಸು ಮಾತ್ರ ತಾನೇ ಹೋಗಿ ತುಂಬಿ ಬಂದ. ಭಾನುವಾರಕ್ಕೊಮ್ಮೆ ಯಾದಗಿರಿಯಲ್ಲಿ ಪಾಠ ಇರುತ್ತಿತ್ತು.

ಅತ್ತೆ ಹೇಳಿದ ಹುಚ್ಚು ಹತ್ತಿದ್ದು ಆ ಭಾನುವಾರದ ಬಸ್ಸಿನಲ್ಲೇ. ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬಸ್ಸಿನ ಕಂಡಕ್ಟರು ಟಿಕೆಟ್ ಹರಿದು ಮುಗಿಸಿದ ಕೂಡಲೇ ಚರ್ಮದ ಚೀಲದಿಂದ ಒಂದು ಕಾದಂಬರಿ ತೆಗೆದು, ಬಾಗಿಲ ಕಂಬಿಗೆ ಆತು ನಿಂತು ಓದುತ್ತಿದ್ದರು. ಒಂದು ದಿನ ಓದಿನ ಭರದಲ್ಲಿ ಸೀಟಿ ಊದುವುದನ್ನೇ ಮರೆತರು. ಇಳಿಯಬೇಕಾದ ಮುದುಕಿಯೊಬ್ಬಳು ಮುಂದಿನ ಊರು ಬರುವ ತನಕ ಅವರ ಮೂರು ತಲೆಮಾರನ್ನು ಬೈದಳು. ಅವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ತಲೆ ಬಗ್ಗಿಸಿ ಬೈಸಿಕೊಂಡರು. ಇಷ್ಟು ಬೈಸಿಕೊಂಡರೂ ಮುಚ್ಚದ ಪುಸ್ತಕದಲ್ಲಿ ಏನಿರಬಹುದು ಎಂದು ಕೇಳಿದೆ. ಮುಂದಿನ ವಾರ ಅದನ್ನೇ ನನ್ನ ಕೈಗಿಟ್ಟರು.

ಅದು ಸುಲ್ತಾನರ ಕಾಲದ ಕಥೆ. ಒಳಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ ಕೋಟೆಯ ಖಜಾಂಚಿ ಸತ್ತು ಬಿದ್ದಿದ್ದಾನೆ. ಪತ್ತೆ ಹಚ್ಚುವವನು ಸರದಾರನಲ್ಲ, ಕತ್ತಿ ಹಿಡಿದವನೂ ಅಲ್ಲ. ದಿನವಿಡೀ ಕುಳಿತು ಪತ್ರ ನಕಲು ಮಾಡುವ ಒಬ್ಬ ಬಡ ಗುಮಾಸ್ತ. ನಾನು ಅದುವರೆಗೆ ಇತಿಹಾಸವೆಂದರೆ ರಾಜರ ಸಾಲು, ಯುದ್ಧಗಳ ಸಾಲು ಎಂದು ಬಾಯಿಪಾಠ ಮಾಡಿದ್ದೆ. ಇಲ್ಲಿ ಕೋಟೆಯೊಳಗೆ ಅಡುಗೆಯವರಿದ್ದರು, ನೀರು ಹೊರುವವರಿದ್ದರು, ಅವರ ಮಾತಿಗೂ ಬೆಲೆಯಿತ್ತು. ಯಾರೋ ಎಣ್ಣೆ ದೀಪ ಆರಿಸಿದ್ದು ಯಾವಾಗ ಎಂಬುದರ ಮೇಲೆ ಒಂದು ದರಬಾರಿನ ಮಾನ ನಿಂತಿತ್ತು. ನಾನು ಆ ಪುಸ್ತಕವನ್ನು ಮುಗಿಸಿ ಮತ್ತೆ ಮೊದಲ ಪುಟ ತಿರುವಿದೆ.

ಹೀಗೆ ಕಂಡಕ್ಟರರಿಂದ ನಮ್ಮ ನಾಲ್ವರ ಕೂಟ ಬೆಳೆಯಿತು. ಯಾದಗಿರಿಯ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದರು, ಸುರಪುರದಲ್ಲಿ ಹೈಸ್ಕೂಲಿನ ನಿವೃತ್ತ ಇತಿಹಾಸ ಮಾಸ್ತರರು. ಇಬ್ಬರೂ ಅದೇ ಬಸ್ಸಿನ ಗಿರಾಕಿಗಳು, ಇಬ್ಬರಿಗೂ ಹಳೆಯ ಕಾಲದ ಕೊಲೆಗಳೆಂದರೆ ಪ್ರಾಣ. ಪುಸ್ತಕಗಳು ಬಸ್ಸಿನಲ್ಲೇ ಊರಿಂದೂರಿಗೆ ಓಡಾಡುತ್ತಿದ್ದವು. ಕಾಲುವೆ ನೀರಿನ ಹಾಗೆಯೇ ಅದಕ್ಕೂ ಪಾಳಿ: ಕಂಡಕ್ಟರು, ನರ್ಸಮ್ಮ, ನಾನು, ಕೊನೆಗೆ ಮಾಸ್ತರರು. ಕೊನೆಯ ಹೊಲದವರಿಗೆ ನೀರು ತಡವಾಗುವಂತೆ ತಮಗೂ ಪುಸ್ತಕ ತಡವಾಗುತ್ತದೆ ಎಂದು ಮಾಸ್ತರರದು ಸದಾ ತಕರಾರು.

ಓದಿದವರು ಮುಂದಿನವರಿಗೆ ಶಿಫಾರಸು ಬರೆಯಬೇಕಿತ್ತು, ಅದೂ ಹರಿದ ಟಿಕೆಟ್ಟಿನ ಹಿಂಬದಿಯಲ್ಲಿ. ಅಷ್ಟು ಜಾಗದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ. ನರ್ಸಮ್ಮ ಒಮ್ಮೆ, ಈ ವಿಷಕ್ಕೆ ಮನುಷ್ಯ ಹೀಗೆ ಸಾಯುವುದಿಲ್ಲ, ಆದರೂ ಓದಿ ಎಂದು ಬರೆದಿದ್ದರು. ಮಾಸ್ತರರು ತಮಗೆ ನೇರವಾಗಿ ಸಿಕ್ಕ ಒಂದು ಪುಸ್ತಕವನ್ನು ನಮ್ಮ ಕಡೆಗೆ ಕಳಿಸುವಾಗ, ಓದಿದ ಮೇಲೆ ಶಿರವಾಳಕ್ಕೆ ಹೋಗಿ ಕಂಬಗಳನ್ನು ನೋಡಿ ಬನ್ನಿ ಎಂದು ಬರೆದರು. ಗುಡಿ ಕಟ್ಟುವ ಕಾಲದಲ್ಲಿ ಶಿಲ್ಪಿಯೊಬ್ಬ ಸಾಯುವ ಕಥೆ ಅದು. ನಾನು ಗಂಡನನ್ನು ಎಬ್ಬಿಸಿಕೊಂಡು ಹೋಗಿ ಶಿರವಾಳದ ಹಳೆಯ ಗುಡಿಗಳ ಕಂಬಗಳ ಹಿಂದೆ ಒಂದೊಂದಾಗಿ ನಿಂತು, ಒಬ್ಬ ಮನುಷ್ಯ ಅಡಗಿ ನಿಂತರೆ ಬಾಗಿಲಿನಿಂದ ಕಾಣುತ್ತಾನೋ ಇಲ್ಲವೋ ನೋಡಿದೆ. ಏನು ಕಳಕೊಂಡಿದ್ದೀ ಎಂದು ಕೇಳಿ ಗಂಡ ತಾನೂ ಹುಡುಕತೊಡಗಿದ.

ಕೂಟಕ್ಕೆ ಒಂದೇ ಒಂದು ನಿಯಮ. ಅಪರಾಧಿ ಯಾರೆಂದು ಯಾರಿಗೂ, ಯಾವ ಕಾರಣಕ್ಕೂ ಹೇಳಬಾರದು. ಬಾಯಿ ತಪ್ಪಿ ಸುಳಿವು ಕೊಟ್ಟವರು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಚಹಾ, ಮಿರ್ಚಿ ಭಜಿ ಕೊಡಿಸಬೇಕು. ನಾನು ಈ ನಿಯಮವನ್ನು ಉಪವಾಸದ ವ್ರತದ ಹಾಗೆ ಪಾಲಿಸಿದೆ.

ನಾನು ಓದುತ್ತಿದ್ದುದು ಹೊಲದಲ್ಲಿ. ನಮ್ಮ ಪಾಳಿ ಬಂದ ದಿನ ಮಡಿಯಿಂದ ಮಡಿಗೆ ನೀರು ತಿರುಗಿಸುವ ಕೆಲಸ ನನ್ನದಾಗಿತ್ತು. ಒಂದು ಮಡಿ ತುಂಬುವ ತನಕ ಬದುವಿನ ಮೇಲೆ ಕುಳಿತು ಓದಬಹುದು. ಒಮ್ಮೆ, ಗುಮಾಸ್ತ ಅಪರಾಧಿಯ ಎದುರು ಬಂದು ನಿಂತ ಪುಟದಲ್ಲಿ ನಾನಿದ್ದಾಗ, ನಮ್ಮ ನೀರು ಬದು ಒಡೆದು ಪಕ್ಕದವರ ಮೆಣಸಿನಕಾಯಿ ಹೊಲಕ್ಕೆ ನುಗ್ಗಿತು. ಅವರು ಬಂದು ಕೂಗಾಡಿದಾಗ ಅತ್ತೆ ಅವರ ಪರವಾಗಿಯೇ ಮಾತಾಡಿದರು. ಸುಲ್ತಾನನ ಮನೆ ಕಾಯುವವಳಿಗೆ ಸ್ವಂತ ಹೊಲ ಕಾಯಲು ಬರುವುದಿಲ್ಲ ಎಂದರು.

ಆದರೆ ಕಥೆಗೆ ಅತ್ತೆಯೂ ಕಿವಿ ಕೊಡುತ್ತಿದ್ದರು. ಶೇಂಗಾ ಸುಲಿಯುವಾಗ ನಾನು ಹೇಳುತ್ತಿದ್ದೆ. ತೊಂದರೆ ಎಂದರೆ ಅವರಿಗೆ ಕಾಯುವುದು ಆಗುತ್ತಿರಲಿಲ್ಲ. ಹೆಣ ಬಿದ್ದ ಕೂಡಲೇ ಯಾರು ಹೊಡೆದದ್ದು ಹೇಳು, ಆಮೇಲೆ ಉಳಿದದ್ದು ಹೇಳು ಎನ್ನುತ್ತಿದ್ದರು. ನಾನು ನಿಯಮ ಹೇಳಿದರೆ ಅವಮಾನವಾದಂತೆ ಮುಖ ತಿರುಗಿಸುತ್ತಿದ್ದರು. ಬಸ್ಸಿನವರ ಜೊತೆ ಆಣೆ ಪ್ರಮಾಣ, ಮನೆಯವರಿಗೆ ಬಾಯಿಗೆ ಬೀಗ, ಇದು ಯಾವ ನ್ಯಾಯ ಎಂದು ನೆರೆಮನೆಯವರ ಮುಂದೆ ಕೇಳಿದ್ದೂ ಉಂಟು.

ಕೊನೆಯ ವರ್ಷದ ಇತಿಹಾಸದ ಪತ್ರಿಕೆಯಲ್ಲಿ ನಾನು ಫೇಲಾದೆ. ಉಳಿದವೆಲ್ಲ ಪಾಸು, ನಾನು ಪ್ರಾಣ ಕೊಟ್ಟು ಓದಿದ ಇತಿಹಾಸವೊಂದೇ ಫೇಲು. ಯಾಕೆ ಎಂದು ನನಗೆ ಅರ್ಥವೇ ಆಗಲಿಲ್ಲ. ಪ್ರಶ್ನೆ ಗೊತ್ತಿತ್ತು, ಉತ್ತರ ಗೊತ್ತಿತ್ತು, ಹಾಳೆ ಮೇಲೆ ಹಾಳೆ ತೆಗೆದುಕೊಂಡು ಬರೆದಿದ್ದೆ. ಅತ್ತೆ ಬೈಯಲಿಲ್ಲ. ಗಂಡನನ್ನೂ ಕೂರಿಸಿಕೊಂಡು ಶರತ್ತು ಹಾಕಿದರು.

"ಇನ್ನೊಂದ ಸಲ ಬರಿ. ಆಗಲಿಲ್ಲ ಅಂದ್ರ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡು. ಮತ್ತ ಡಿಗ್ರಿ ಅನ್ನೂ ಮಾತು ಈ ಮನಿಯಾಗ ಕೇಳಬಾರದು."

ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ. ಆ ವಾರ ಕಂಡಕ್ಟರಿಗೆ ಹೇಳಿ ಕಳಿಸಿ ಮಾಸ್ತರರನ್ನು ಶಹಾಪುರದ ಬಸ್‌ಸ್ಟ್ಯಾಂಡಿಗೆ ಕರೆಸಿಕೊಂಡೆ. ಪರೀಕ್ಷೆಯಲ್ಲಿ ಬರೆದಿದ್ದ ಒಂದು ಉತ್ತರವನ್ನು ನೆನಪಿನಿಂದ ಮತ್ತೆ ಬರೆದು ಒಯ್ದಿದ್ದೆ. ಬಹಮನಿ ರಾಜ್ಯದ ಪತನಕ್ಕೆ ಕಾರಣಗಳೇನು ಎಂಬುದು ಪ್ರಶ್ನೆ. ಮಾಸ್ತರರು ಕನ್ನಡಕ ಹಾಕಿಕೊಂಡು ಕಲ್ಲು ಬೆಂಚಿನ ಮೇಲೆ ಓದತೊಡಗಿದರು. ಮೊದಮೊದಲು ಗಂಭೀರವಾಗಿದ್ದರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

ನನ್ನ ಉತ್ತರ ಶುರುವಾಗಿದ್ದು ಹೀಗೆ: ಬೀದರಿನ ಕೋಟೆಯಲ್ಲಿ ಅಂದು ಎಲ್ಲವೂ ಶಾಂತವಾಗಿತ್ತು, ಅಥವಾ ಹಾಗೆ ಕಾಣುತ್ತಿತ್ತು. ಅಲ್ಲಿಂದ ಮುಂದೆ ಸ್ಥಳೀಯ ಸರದಾರರ ಮೇಲೆ ಅನುಮಾನ ಹುಟ್ಟಿಸಿದ್ದೆ. ಬಳಿಕ ಅದನ್ನು ಪರದೇಶದಿಂದ ಬಂದ ಸರದಾರರ ಮೇಲೆ ಹೊರಳಿಸಿದ್ದೆ. ನಿಷ್ಠಾವಂತ ವಜೀರನಿಗೆ ಮರಣದಂಡನೆ ಆದ ಸಂಗತಿಯನ್ನು ಸುಳಿವಿನಂತೆ ಒಂದು ಮೂಲೆಯಲ್ಲಿಟ್ಟು ಮುಂದೆ ಹೋಗಿದ್ದೆ. ನಿಜವಾದ ಕಾರಣವನ್ನು ಕೊನೆಯ ಪುಟಕ್ಕೆಂದು ಬಚ್ಚಿಟ್ಟಿದ್ದೆ. ಕೊನೆಯ ಪುಟ ಬರುವ ಮೊದಲೇ ಗಂಟೆ ಹೊಡೆದಿತ್ತು. ಎಲ್ಲ ಉತ್ತರಗಳನ್ನೂ ಹೀಗೇ ಬರೆದಿದ್ದೆ. ಮಾಸ್ತರರು ಓದಿ ಹೇಳುವವರೆಗೆ ಇದು ನನ್ನ ತಲೆಗೇ ಹೊಳೆದಿರಲಿಲ್ಲ.

"ತಂಗಿ, ನಾ ತಿದ್ದಿದ್ದರೂ ಫೇಲ್ ಮಾಡ್ತಿದ್ದೆ," ಎಂದರು ಕಣ್ಣೊರೆಸಿಕೊಂಡು. "ಕಾದಂಬರಿ ಓದಾಂವ ಖುಷಿಲೇ ಕಾಯ್ತಾನ. ಪೇಪರ್ ತಿದ್ದಾಂವ ಯಾಕ ಕಾಯಬೇಕು? ರಾಜ್ಯ ಯಾತಕ್ಕ ಬಿತ್ತು ಅಂತ ಮೊದಲನೇ ಸಾಲಿನ್ಯಾಗ ಹೇಳಿಬಿಡು. ಆಮ್ಯಾಲ ಸಾಕ್ಷಿ ಹಚ್ಚಕೊಂತ ಹೋಗು."

ಕೇಳಲು ಸುಲಭ, ಮಾಡಲು ಕಷ್ಟ. ಪೆನ್ನು ಹಿಡಿದರೆ ಕೈ ತಾನಾಗಿಯೇ ಮುಖ್ಯ ಮಾತನ್ನು ಹಿಂದಕ್ಕೆ ತಳ್ಳುತ್ತಿತ್ತು. ಅಭ್ಯಾಸ ಮಾಡೋಣವೆಂದರೆ ಕೂಟದವರ ಮುಂದೆ ಮಾಡುವಂತಿಲ್ಲ, ಅಲ್ಲಿ ನಿಯಮ ಇದೆ. ಮೊದಲೇ ಎಲ್ಲ ಹೇಳು ಎಂದು ಹಟ ಹಿಡಿದ ಒಬ್ಬರು ಮನೆಯಲ್ಲೇ ಇದ್ದರು. ಮರುದಿನ ಶೇಂಗಾದ ಮುಂದೆ ಕುಳಿತು, ಅತ್ತೆ ಕೇಳುವ ಮೊದಲೇ ಹೇಳಿದೆ.

"ಅತ್ತಿ, ಖಜಾಂಚಿನ್ನ ಕೊಂದಾಂವ ಅವನ ತಮ್ಮ."

ಅವರ ಕೈ ನಿಂತಿತು. "ಸ್ವಂತ ತಮ್ಮ?"

"ಹೌದ್ರಿ."

"ಒಂದ ಹೊಟ್ಯಾಗ ಹುಟ್ಟಿದಾಂವ ಹಂಗ ಮಾಡಿದ ಅಂದ್ರ ಏನರೆ ಇರಬೇಕು. ಹೇಳು, ಯಾಕ?"

ನಾನು ಹೇಳತೊಡಗಿದೆ. ಅಪರಾಧಿಯ ಹೆಸರು ಗೊತ್ತಾದರೆ ಕಥೆಯ ರುಚಿ ಹೋಗುತ್ತದೆ ಎಂದು ನಂಬಿದ್ದೆ. ಅತ್ತೆ ಮಾತ್ರ ಹೆಸರು ಗೊತ್ತಾದ ಮೇಲೆಯೇ ಕಥೆಯೊಳಗೆ ಇಳಿದು ಕುಳಿತರು. ಯಾಕೆ, ಯಾವಾಗ, ಯಾರು ನೋಡಿದರು, ತಾಯಿಗೆ ಗೊತ್ತಿತ್ತೋ ಇಲ್ಲವೋ ಎಂದು ಸುಲಿಯುವ ಗುಡ್ಡೆ ಮುಗಿಯುವ ತನಕ ಬಿಡಲಿಲ್ಲ. ಕಾದಂಬರಿಗಳು ಮುಗಿದ ಮೇಲೆ ಪಠ್ಯದ ರಾಜ್ಯಗಳನ್ನು ಹಾಗೆಯೇ ಹೇಳಿದೆ. ಈ ರಾಜ್ಯ ಬಿದ್ದದ್ದು ಸರದಾರರ ಒಳಜಗಳದಿಂದ ಎಂದು ಶುರು ಮಾಡಿದರೆ, ಜಗಳ ಯಾತಕ್ಕೆ ಎಂದು ಕೇಳುವರು. ಭೂಮಿಗೆ, ಹುದ್ದೆಗೆ ಎಂದರೆ, ದೊರೆ ಏನು ಮಾಡುತ್ತಿದ್ದ ಎನ್ನುವರು. ನಾನು ಎಲ್ಲಾದರೂ ಇತ್ಯಾದಿ ಕಾರಣಗಳು ಎಂದು ಜಾರಿಕೊಂಡರೆ ಮುಗಿಯಿತು. ಇತ್ಯಾದಿ ಎಂದರೆ ಯಾವುದು, ಅದನ್ನೂ ಹೇಳು ಎಂದು ಹಿಡಿಯುವರು. ಅವರಿಗೆ ಪರೀಕ್ಷೆಯ ಚಿಂತೆ ಇರಲಿಲ್ಲ, ಕಥೆಯ ಚಿಂತೆ ಇತ್ತು. ನನಗೆ ಎರಡೂ ಇದ್ದವು. ಆ ತಿಂಗಳುಗಳಷ್ಟು ಚೆಂದಾಗಿ ನಾವಿಬ್ಬರೂ ಹಿಂದೆಂದೂ ಕುಳಿತು ಮಾತಾಡಿರಲಿಲ್ಲ.

ಪರೀಕ್ಷೆಯ ದಿನ ಮೊದಲ ಪ್ರಶ್ನೆಯೇ ಹಳೆಯ ಗುರುತಿನದು. ಅದೇ ಪ್ರಶ್ನೆ ಅಲ್ಲ, ಅದರ ಅಣ್ಣತಮ್ಮ. ಕಣ್ಣು ಮುಚ್ಚಿ ಎದುರಿಗೆ ಅತ್ತೆ ಕುಳಿತಿದ್ದಾರೆ ಎಂದುಕೊಂಡೆ. ಕಾರಣವನ್ನು ಮೊದಲ ಸಾಲಿನಲ್ಲೇ ಬರೆದೆ. ಬರೆದು ಮುಗಿಸಿ ಮತ್ತೊಮ್ಮೆ ಓದಿದೆ, ಗಂಟೆ ಇನ್ನೂ ಹೊಡೆದಿರಲಿಲ್ಲ.

ಪಾಸಾದ ಸುದ್ದಿ ಅಂಚೆಯಲ್ಲಿ ಬಂತು. ಆ ಭಾನುವಾರ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂಟದವರಿಗೆ ಯಾವ ಸುಳಿವೂ ಕೊಡದೆಯೇ ನಾನು ಚಹಾ, ಭಜಿ ಕೊಡಿಸಿದೆ. ನರ್ಸಮ್ಮ ಯಾದಗಿರಿಯಿಂದ ಬಂದಿದ್ದರು. ಮಾಸ್ತರರು ಬಹಮನಿಗಳು ಕೊನೆಗೂ ಸತ್ತರು ಎಂದು ಸಾರಿದರು. ಕಂಡಕ್ಟರು ಬಸ್ಸು ನಿಲ್ಲಿಸಿಕೊಂಡು ತಿಂದರು, ಡ್ರೈವರನ ಹಾರ್ನು ಕೇಳಿಸಿದರೂ ಇನ್ನೊಂದು ಭಜಿ ಎತ್ತಿಕೊಂಡರು. ಕೂಟ ಇಂದಿಗೂ ಇದೆ. ಮಾಸ್ತರರು ಈಗ ಇಲ್ಲ, ಅವರ ಮೊಮ್ಮಗಳು ಆ ಪಾಳಿ ಹಿಡಿದಿದ್ದಾಳೆ. ಅತ್ತೆಯ ಮುಂದೆ ಮುರಿದದ್ದು ಬಿಟ್ಟರೆ ನಿಯಮ ನಾನು ಈಗಲೂ ಮುರಿಯುವುದಿಲ್ಲ. ಅದು ಕಾದಂಬರಿಗೆ ಸರಿಯಾದದ್ದೇ.

ಪದವಿಯ ಸರ್ಟಿಫಿಕೇಟ್ ಯಾದಗಿರಿಯ ಪಾಠದ ಕೇಂದ್ರದ ಆಫೀಸಿಗೆ ಬಂದಿದೆ ಎಂದು ತಿಳಿದಾಗ ಅತ್ತೆ ತಾವೂ ಬರುತ್ತೇನೆಂದು ಹೊಸ ಇಳಕಲ್ ಸೀರೆ ಉಟ್ಟು ಹೊರಟರು. ನಿಜವಾಗಿಯೂ ಕೊಡುತ್ತಾರೋ, ಬರೀ ಹೇಳುತ್ತಾರೋ ನೋಡಬೇಕಂತೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಹೊಲಗಳನ್ನು ನೋಡುತ್ತಾ ಬಂದರು. ಆಫೀಸಿನಲ್ಲಿ ಗುಮಾಸ್ತರು ನನ್ನ ಸಹಿ ತೆಗೆದುಕೊಂಡು ದಪ್ಪ ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು, ಬೆಳಕಿಗೆ ಎತ್ತಿ ನೋಡಿದರು, ನನ್ನ ಹೆಸರು ಎಲ್ಲಿದೆ ಎಂದು ಕೇಳಿ ಅಲ್ಲಿ ಬೆರಳಿಟ್ಟರು. ಆಮೇಲೆ ಮೇಜಿನ ಕಡೆಗೆ ತಿರುಗಿದರು.

"ಸಾಹೇಬ್ರ, ಇದಾದ ಮ್ಯಾಲ ಮುಂದಿಂದು ಯಾವುದೈತ್ರಿ? ಅದಕ್ಕೂ ನಮ್ಮ ಸೊಸಿ ಹೆಸರು ಬರಕೋರಿ."